ಅವ್ವನ ಕಣ್ಣಿಗೆ ಅವಳ ರೆಪ್ಪೆ ಕೂದಲೇ ಚುಚ್ಚುತ್ತಿದೆ, ತಿಂಗಳಿಗೊಮ್ಮೆ ಕಿತ್ತರೆ ಸಾಕಾ?

ಬ್ಯಾಡಗಿ ಮೊಬೈಲ್ ರಿಪೇರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮದು ಬ್ಯಾಡಗಿ. ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ. ಅವ್ವನಿಗೆ 67 ವರ್ಷ. ಸೀಸನ್ ಬಂತೆಂದರೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಮೂವತ್ತು ವರ್ಷದಿಂದ ಹೋಗುತ್ತಿದ್ದಾಳೆ. ಈಗ ಬೇಡ ಅಂದರೂ ಕೇಳುವುದಿಲ್ಲ. ಮನೆಯಲ್ಲಿ ಗೋಡೆ ನೋಡುತ್ತಾ ಕೂರಲಾ, ಅಲ್ಲಿ ನಾಲ್ಕು ಜನ ಮಾತಿಗಾದರೂ ಸಿಗುತ್ತಾರೆ ಅನ್ನುತ್ತಾಳೆ.

ಒಂದು ವರ್ಷದಿಂದ ಅವಳ ಎಡಗಣ್ಣಲ್ಲಿ ನೀರು. ಸೆರಗಿನ ತುದಿ ಯಾವಾಗಲೂ ಒದ್ದೆ. ಮೆಣಸಿನ ಘಾಟು ಅಂತ ಎಲ್ಲರೂ ಅಂದರು, ನಾವೂ ಒಪ್ಪಿಕೊಂಡೆವು. ಬ್ಯಾಡಗಿಯಲ್ಲಿ ಕಣ್ಣಲ್ಲಿ ನೀರು ಬಂದರೆ ಬೇರೆ ಏನು ಅನ್ನುತ್ತಾರೆ? (ನಮ್ಮ ಮೆಣಸಿಗೆ ಖಾರಕ್ಕಿಂತ ಬಣ್ಣವೇ ಜಾಸ್ತಿ, ಆ ಮಾತು ಬೇರೆ.) ಮೆಡಿಕಲ್ ಶಾಪಿನವರು ಒಂದು ಡ್ರಾಪ್ಸ್ ಕೊಟ್ಟರು. ಹಾಕಿದರೆ ಎರಡು ದಿನ ಕೆಂಪು ಇಳಿಯುತ್ತಿತ್ತು, ಮತ್ತೆ ಶುರು. ಹೀಗೆ ಮೂರು ಬಾಟಲಿ ಮುಗಿಯಿತು. ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ರಸ ಬಿಡಿ ಅಂದರು. ಅದನ್ನೂ ಬಿಟ್ಟದ್ದಾಯಿತು.

ಮಳೆಗಾಲದಲ್ಲಿ ಅವಳಿಗೆ ಕೆಲಸ ಇರಲಿಲ್ಲ. ಎರಡು ತಿಂಗಳು ಮೆಣಸಿನಕಾಯಿ ಮುಟ್ಟಿಲ್ಲ. ನೀರು ಮಾತ್ರ ನಿಲ್ಲಲಿಲ್ಲ. ಆಗ ನನಗೆ ಅನುಮಾನ ಬಂತು. ಒಂದು ದಿನ ಬುತ್ತಿ ಹಿಡಿದುಕೊಂಡು ಅಂಗಡಿಗೆ ಬಂದಿದ್ದಳು. ಬೋರ್ಡ್ ನೋಡಲು ಹಾಕುವ ಭೂತಗನ್ನಡಿ ನನ್ನ ಹಣೆಯ ಮೇಲೆಯೇ ಇತ್ತು. ಬಾ ಇಲ್ಲಿ ಅಂತ ಸ್ಟೂಲ್ ಮೇಲೆ ಕೂರಿಸಿ, ಟೇಬಲ್ ಲೈಟ್ ತಿರುಗಿಸಿ ನೋಡಿದೆ. ಕೆಳರೆಪ್ಪೆಯ ಮೂರು ಕೂದಲು ಹೊರಗೆ ಬಾಗುವ ಬದಲು ಒಳಗೆ ಬಾಗಿ, ನೇರ ಕರಿಗುಡ್ಡೆಗೆ ತಾಗುತ್ತಿದ್ದವು. ಎರಡು ಕಪ್ಪು. ಮೂರನೆಯದಕ್ಕೆ ಬಣ್ಣವೇ ಇಲ್ಲ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಮೀನಿನ ಗಾಳದ ದಾರದ ಹಾಗೆ ಮಿಂಚಿತು. ಅವ್ವ ಕಣ್ಣು ಪಿಳುಕಿಸಿದಾಗಲೆಲ್ಲ ಮೂರೂ ಸೇರಿ ಗುಡ್ಡೆಯ ಮೇಲೆ ಕಸ ಗುಡಿಸುತ್ತಿದ್ದವು.

ಐಸಿ ಎತ್ತುವ ಚಿಮಟವನ್ನು ಸ್ಪಿರಿಟ್‌ನಲ್ಲಿ ಒರೆಸಿ ಮೂರನ್ನೂ ಕಿತ್ತೆ. ಬೈಯಬೇಡಿ. ಅವತ್ತು ರಾತ್ರಿ ಅವ್ವ, ವರ್ಷದ ಮೇಲೆ ಕಣ್ಣು ತಣ್ಣಗಾಯಿತು ಕಣೋ ಅಂದಳು. ನನಗೂ ಡಾಕ್ಟರ್ ಆದಷ್ಟು ಖುಷಿ. ಐದು ವಾರ ಆಯಿತು, ಮತ್ತೆ ಅದೇ ಜಾಗದಲ್ಲಿ ಮೊಳೆತವು. ಮತ್ತೆ ಕಿತ್ತೆ. ಮೂರನೇ ಸಲ, ಅಂದರೆ ಕಳೆದ ವಾರ, ಒಂದು ಕೂದಲು ಬುಡದಿಂದ ಬರದೆ ನಡುವೆ ತುಂಡಾಯಿತು. ಅಲ್ಲಿಂದ ಮೊದಲಿಗಿಂತ ಕೆಟ್ಟದಾಗಿದೆ. ನಿನ್ನೆಯಿಂದ ಬೆಳಕಿಗೆ ಆ ಕಣ್ಣು ಬಿಡುತ್ತಿಲ್ಲ.

ಇಷ್ಟು ವರ್ಷ ನೆಟ್ಟಗಿದ್ದ ಕೂದಲು ಈಗ ಯಾಕೆ ತಿರುಗಿತು? ಹೀಗೆ ಕೀಳುತ್ತಾ ಹೋದರೆ ತೊಂದರೆ ಏನಾದರೂ ಇದೆಯಾ? ಲೇಸರ್‌ನಲ್ಲಿ ಪೂರ್ತಿ ಹೋಗುತ್ತೆ ಅಂತ ಯಾರೋ ಹೇಳಿದರು, ನಿಜವಾ?

---

ಹಿತ್ತಲ ಗಿಡ ಬರೆದದ್ದು:

ಆಸ್ಪತ್ರೆಗೆ ದುಡ್ಡು ಸುರಿಯಬೇಡಿ ಅಣ್ಣಾ. ರಾತ್ರಿ ಮಲಗುವಾಗ ರೆಪ್ಪೆಗೆ ಶುದ್ಧ ಹರಳೆಣ್ಣೆ ಹಚ್ಚಿ. ಕೂದಲು ಮೆತ್ತಗಾಗಿ ತಾನೇ ನೆಟ್ಟಗಾಗುತ್ತೆ. ನಮ್ಮ ಅಜ್ಜಿ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು.

---

ಶಿಬಿರದ ಮೇಷ್ಟ್ರು ಬರೆದದ್ದು:

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿ ನಿವೃತ್ತನಾದವನು. ಡಾಕ್ಟರ್ ಅಲ್ಲ. ಶಾಲೆ, ಸಮುದಾಯ ಭವನ, ದೇವಸ್ಥಾನದ ಜಗಲಿ ಅಂತ ಶಿಬಿರಗಳಲ್ಲಿ ಟಾರ್ಚ್ ಹಿಡಿದು ಕಣ್ಣು ನೋಡಿದ್ದೇ ಜೀವನ.

ಮೊದಲ ಮಾತು ಮೊದಲು. ಬೆಳಕಿಗೆ ಕಣ್ಣು ಬಿಡುತ್ತಿಲ್ಲ ಅಂದಿರಲ್ಲ, ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಬೇಡಿ. ತಾಯಿಯನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಪೂರ್ತಿ ಕೂದಲಿಗಿಂತ ಮುರಿದ ಕೂದಲು ಕೆಟ್ಟದ್ದು. ಉದ್ದ ಕೂದಲು ಬಾಗುತ್ತೆ, ಗುಡ್ಡೆಯ ಮೇಲೆ ಜಾರುತ್ತೆ. ತುಂಡು ಬಾಗಲ್ಲ, ಕೊಯ್ದ ಜೋಳದ ಕೂಳೆ ಕಾಲಿಗೆ ಚುಚ್ಚುವ ಹಾಗೆ ಚುಚ್ಚುತ್ತೆ. ಚುಚ್ಚಿದ ಗೀರಿಗೆ ಸೋಂಕು ತಗುಲಿದರೆ ಕರಿಗುಡ್ಡೆಯಲ್ಲಿ ಹುಣ್ಣಾಗುತ್ತೆ. ಹುಣ್ಣು ವಾಸಿಯಾದರೂ ಬಿಳಿ ಕಲೆ ಉಳಿದು ದೃಷ್ಟಿಗೆ ಅಡ್ಡ ಬರುತ್ತೆ. ನೋವು ಕೂದಲಿಂದ ಬರುತ್ತೆ, ಕಣ್ಣು ಹೋಗುವುದು ಈ ಹುಣ್ಣಿನಿಂದ.

ಮೆಡಿಕಲ್ ಶಾಪಿನ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅದರ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಅಂತ ಏನಾದರೂ ಇದ್ದರೆ ಅದು ಸ್ಟೀರಾಯ್ಡ್. ಕೆಂಪನ್ನು ಎರಡು ದಿನದಲ್ಲಿ ಅಳಿಸುತ್ತೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಹುಣ್ಣು ಇದ್ದರೆ ಸೋಂಕು ಒಳಗೊಳಗೇ ಹರಡಲು ದಾರಿ ಮಾಡುತ್ತೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು. ಮೂರು ಬಾಟಲಿ ಹಾಕಿದ್ದನ್ನು ಡಾಕ್ಟರ್‌ಗೆ ಮುಚ್ಚಿಡಬೇಡಿ.

ಈಗ ಯಾಕೆ ಅನ್ನುವ ಪ್ರಶ್ನೆ. ಮೆಣಸಿನ ಘಾಟು ಕೂದಲನ್ನು ತಿರುಗಿಸಲ್ಲ. ಅದು ಎರಡೂ ಕಣ್ಣಿಗೆ ಹೊಡೆಯುತ್ತೆ, ತೊಳೆದರೆ ಇಳಿಯುತ್ತೆ. ಕೂದಲು ಒಂದೇ ಕಣ್ಣಿಗೆ, ಒಂದೇ ಜಾಗಕ್ಕೆ, ಪ್ರತಿ ಸಲ ಪಿಳುಕಿಸಿದಾಗಲೂ ಚುಚ್ಚುತ್ತೆ. ನೀವು ಮಳೆಗಾಲದ ಲೆಕ್ಕ ಹಿಡಿದು ಯೋಚಿಸಿದಿರಲ್ಲ, ನಮ್ಮ ಶಿಬಿರದಲ್ಲಿ ಎಷ್ಟೋ ಹೊಸ ಹುಡುಗರಿಗೆ ಅಷ್ಟು ಹೊಳೆಯುತ್ತಿರಲಿಲ್ಲ.

ಡಾಕ್ಟರ್ ಮೊದಲು ನೋಡುವುದು ಒಂದೇ ವಿಷಯ. ರೆಪ್ಪೆ ಸರಿಯಾಗಿದ್ದು ಕೂದಲು ಮಾತ್ರ ದಾರಿ ತಪ್ಪಿದೆಯಾ, ಅಥವಾ ರೆಪ್ಪೆಯೇ ಒಳಗೆ ಮಗುಚಿ ಕೂದಲನ್ನೂ ಜೊತೆಗೆ ಎಳೆದುಕೊಂಡು ಹೋಗಿದೆಯಾ? ಮೊದಲನೆಯದಕ್ಕೆ ಟ್ರೈಕಿಯಾಸಿಸ್ ಅನ್ನುತ್ತಾರೆ, ಎರಡನೆಯದಕ್ಕೆ ಎಂಟ್ರೋಪಿಯನ್. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಚಿಕಿತ್ಸೆ ಬೇರೆ ಬೇರೆ. ಚೌಕಟ್ಟೇ ವಾಲಿದ್ದರೆ ಚಿಲಕ ಬದಲಿಸಿ ಏನು ಪ್ರಯೋಜನ?

ಕೂದಲು ಮಾತ್ರ ದಾರಿ ತಪ್ಪುವುದಕ್ಕೆ ಸಾಮಾನ್ಯ ಕಾರಣ ರೆಪ್ಪೆಯಂಚಿನ ಹಳೇ ಉರಿಯೂತ, ಬ್ಲೆಫರೈಟಿಸ್. ಕೂದಲಿನ ಬುಡದಲ್ಲಿ ತಲೆಹೊಟ್ಟಿನಂಥ ಪುಡಿ, ಬೆಳಿಗ್ಗೆ ಎದ್ದಾಗ ಅಂಟು, ಪದೇ ಪದೇ ಏಳುವ ಕುರು. ವರ್ಷಗಟ್ಟಲೆ ಹೀಗಿದ್ದರೆ ಬೇರಿನ ಹತ್ತಿರ ಗಾಯದ ಗಂಟು ಕಟ್ಟಿ ಕೂದಲು ಅಡ್ಡ ಬೆಳೆಯುತ್ತೆ. ರೆಪ್ಪೆಗೆ ಪೆಟ್ಟು ಬಿದ್ದವರಿಗೆ, ಸುಟ್ಟವರಿಗೆ, ಸರ್ಪಸುತ್ತು ಕಣ್ಣಿನ ಹತ್ತಿರ ಆದವರಿಗೂ ಬರುತ್ತೆ. ಕೆಲವು ಮಾತ್ರೆಗಳ ಅಲರ್ಜಿಯಿಂದ ಮೈ ಚರ್ಮ ಸುಲಿಯುವ ಸ್ಟೀವನ್ಸ್ ಜಾನ್ಸನ್ ಅಂತ ಒಂದು ಕಾಯಿಲೆ ಇದೆ. ಅದರಿಂದ ಬದುಕಿ ಬಂದ ಹುಡುಗಿಯೊಬ್ಬಳು ನಮ್ಮ ಶಿಬಿರಕ್ಕೆ ಬರುತ್ತಿದ್ದಳು. ನಾಲ್ಕೂ ರೆಪ್ಪೆಯಲ್ಲಿ ಕೂದಲು ಒಳಗೆ. ಅವಳ ಮುಂದೆ ನಮ್ಮ ನಿಮ್ಮ ಕಷ್ಟ ಏನೂ ಅಲ್ಲ.

ಆದರೆ ನಿಮ್ಮ ತಾಯಿಗೆ 67, ಕೆಳರೆಪ್ಪೆ, ಒಂದೇ ಕಣ್ಣು. ನನಗೆ ರೆಪ್ಪೆಯ ಸಡಿಲದ ಮೇಲೇ ಅನುಮಾನ. ವಯಸ್ಸಾದ ಮೇಲೆ ಕೆಳರೆಪ್ಪೆ ಹಳೇ ಚಡ್ಡಿಯ ಎಲಾಸ್ಟಿಕ್ ಹಾಗೆ ಆಗುತ್ತೆ. ಕ್ಷಮಿಸಿ, ಇದಕ್ಕಿಂತ ಒಳ್ಳೇ ಹೋಲಿಕೆ ನನಗೆ ಸಿಕ್ಕಿಲ್ಲ. ಡಾಕ್ಟರ್ ಆ ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು ಬಿಡುತ್ತಾರೆ. ಅದು ಪಟ್ಟನೆ ಗುಡ್ಡೆಗೆ ಅಂಟಬೇಕು. ಸಡಿಲವಿದ್ದರೆ ನಿಧಾನವಾಗಿ ಮರಳುತ್ತೆ, ಇಲ್ಲವೇ ಪಿಳುಕಿಸುವ ತನಕ ಹಾಗೇ ನಿಲ್ಲುತ್ತೆ. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿ ಬಿಡಿ ಅನ್ನುತ್ತಾರೆ. ಮುಚ್ಚಿ ಬಿಟ್ಟಾಗ ರೆಪ್ಪೆ ಒಳಗೆ ಸುರುಳಿಕೊಂಡರೆ ಉತ್ತರ ಸಿಕ್ಕ ಹಾಗೆ. ಇದನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ, ಈಗ ಆ ಕಣ್ಣಲ್ಲಿ ಗಾಯ ಇದೆ.

ಕೀಳುವುದು ತಪ್ಪಲ್ಲ. ನಾವೂ ಸಾವಿರ ಸಲ ಕಿತ್ತಿದ್ದೇವೆ. ಆದರೆ ಅದು ಒಂದು ತಿಂಗಳ, ಒಂದೂವರೆ ತಿಂಗಳ ನೆಮ್ಮದಿ. ಬೇರು ಉಳಿದಿರುತ್ತೆ, ಕೂದಲು ಮರಳಿ ಬರುತ್ತೆ. ಕೀಳುವ ಚಿಮಟದ ಬಾಯಿ ಚಪ್ಪಟೆ, ನುಣುಪು. ನಿಮ್ಮದು ಚೂಪು ಇರಬೇಕು. ಚೂಪಾದದ್ದು ಕೂದಲನ್ನು ಹಿಡಿಯಲ್ಲ, ಕತ್ತರಿಸುತ್ತೆ. ಅದಕ್ಕೇ ತುಂಡಾಗಿದ್ದು. ಅವ್ವ ಒಮ್ಮೆ ಸೀನಿದ್ದರೆ ಆ ಚೂಪು ಎಲ್ಲಿ ಇಳಿಯುತ್ತಿತ್ತು ಯೋಚಿಸಿ.

ಹಿತ್ತಲ ಗಿಡ ಅವರೇ, ಹರಳೆಣ್ಣೆಯಿಂದ ಕೂದಲು ಮೆತ್ತಗಾಗಬಹುದು, ಬೇರಿನ ದಿಕ್ಕು ಬದಲಾಗಲ್ಲ. ಹಳೇ ವೈದ್ಯ ಅಂದರೆ ಎಣ್ಣೆ ಒಂದೇ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಈ ಕಾಯಿಲೆಗೆ ಪಕ್ಷ್ಮಕೋಪ ಅಂತ ಹೆಸರಿದೆ. ಅಲ್ಲಿ ಹೇಳಿರುವುದೂ ಆಪರೇಷನ್ನೇ: ರೆಪ್ಪೆಯ ಚರ್ಮದಿಂದ ಜವೆಕಾಳಿನ ಆಕಾರದ ಒಂದು ತುಂಡು ತೆಗೆದು ಹೊಲಿಯುವುದು. ನಿಮ್ಮ ಅಜ್ಜಿಯ ಕಣ್ಣಿಗೆ ನನ್ನ ನಮಸ್ಕಾರ.

---

ಮರಳುಗಾಡಿನ ಕನ್ನಡತಿ ಬರೆದದ್ದು:

ಇದನ್ನು ಓದಿ ಜೋಧಪುರದ ನಮ್ಮ ಹಳೇ ಓಣಿ ನೆನಪಾಯಿತು. ನಮ್ಮವರ ಪೋಸ್ಟಿಂಗ್ ಅಲ್ಲಿತ್ತು. ಎದುರು ಮನೆಯ ಮುದುಕಿ ಮಧ್ಯಾಹ್ನ ಬಿಸಿಲಿಗೆ ಕೂತು ನನ್ನನ್ನು ಕರೆಯುತ್ತಿದ್ದರು, ಕೈಯಲ್ಲಿ ಒಂದು ಹಿತ್ತಾಳೆ ಚಿಮಟ. "ಪರವಾಲ್ ನಿಕಾಲ್ ದೇ ಬೇಟಿ" ಅನ್ನುತ್ತಿದ್ದರು, ಪರವಾಲ್ ಕಿತ್ತುಕೊಡು ಮಗಳೇ ಅಂತ. ಅಲ್ಲಿ ಇದಕ್ಕೆ ಪರವಾಲ್ ಅಂತಲೇ ಹೆಸರು, ಕೆಮ್ಮು ನೆಗಡಿಯಷ್ಟು ಮಾಮೂಲು ಪದ. ಕನ್ನಡದಲ್ಲಿ ಇದಕ್ಕೆ ನಾನು ಒಂದು ಹೆಸರು ಕೇಳಿದ್ದೇ ಇಲ್ಲ. ಅವರಿಗೆ ಮೇಲಿನ ರೆಪ್ಪೆ, ಎರಡೂ ಕಣ್ಣು. ಒಂದು ಕಣ್ಣಿನ ಕರಿಗುಡ್ಡೆ ಆಗಲೇ ಹಾಲು ಹಾಲಾಗಿತ್ತು. ನನಗೆ ಕೈ ನಡುಗುತ್ತಿತ್ತು, ಒಂದು ಸಲವೂ ಕಿತ್ತಿಲ್ಲ. ಅವರಿಗೆ ಯಾಕೆ ಬಂದಿತ್ತು ಮೇಷ್ಟ್ರೇ?

---

ಶಿಬಿರದ ಮೇಷ್ಟ್ರು ಬರೆದದ್ದು:

ಮೇಲಿನ ರೆಪ್ಪೆ, ಎರಡೂ ಕಣ್ಣು, ರಾಜಸ್ಥಾನ. ಟ್ರಕೋಮಾ ಇರಬೇಕು. ಒಂದು ಬ್ಯಾಕ್ಟೀರಿಯಾದ ಸೋಂಕು. ಕೈ, ಮುಖ ಒರೆಸುವ ಬಟ್ಟೆ, ನೊಣದಿಂದ ಹರಡುತ್ತೆ. ನೀರಿಗೆ ಬರ ಇದ್ದ ಕಡೆ ಜಾಸ್ತಿ. ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಬಂದು ಹೋಗಿ, ರೆಪ್ಪೆಯ ಒಳಮೈಯಲ್ಲಿ ಬಿಳಿ ಗೆರೆಗಳಾಗಿ ಗಾಯ ಕಟ್ಟುತ್ತೆ. ಗಾಯ ಒಣಗಿದಂತೆ ಚರ್ಮ ಸೆಳೆದುಕೊಳ್ಳುತ್ತೆ, ರೆಪ್ಪೆ ಒಳಗೆ ಬಾಗುತ್ತೆ. ಬೀಜ ಬಿದ್ದದ್ದು ಐದನೇ ವಯಸ್ಸಿಗೆ, ಕೂದಲು ಚುಚ್ಚುವುದು ಐವತ್ತಕ್ಕೆ. ಮಕ್ಕಳ ಮುಖ ತೊಳೆಯುವವರು ಹೆಂಗಸರೇ ಆದ್ದರಿಂದ ಅವರಿಗೇ ಹೆಚ್ಚು.

ಇದಕ್ಕಾಗಿಯೇ 1963ರಲ್ಲಿ ಸರ್ಕಾರ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತ್ತು. 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತು, ನಮ್ಮ ಹುದ್ದೆಗಳೆಲ್ಲ ಅದರ ಕೆಳಗೇ ಬಂದವು. 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ಘೋಷಿಸಿತು. ಪೇಪರ್‌ನಲ್ಲಿ ಒಳಪುಟದ ಸಣ್ಣ ಸುದ್ದಿ. ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ನಿಮ್ಮ ಎದುರು ಮನೆಯ ಅಜ್ಜಿಗೆ ಬೇಕಾಗಿದ್ದದ್ದು ರೆಪ್ಪೆಯನ್ನು ಹೊರಗೆ ತಿರುಗಿಸಿ ಹೊಲಿಯುವ ಆಪರೇಷನ್. ಚಿಮಟ ಅಲ್ಲ. ನೀವು ಕೀಳದೇ ಇದ್ದದ್ದು ಒಳ್ಳೆಯದೇ ಆಯಿತು.

---

ಸುಣ್ಣದ ಗುರುತು ಬರೆದದ್ದು:

ಲೇಸರ್ ಬಗ್ಗೆ ಕೇಳಿದ್ದಕ್ಕೆ ನನ್ನ ಅನುಭವ ಹೇಳುತ್ತೇನೆ. ಮೈಸೂರಿನವನು, ವಯಸ್ಸು 34. ಐದು ವರ್ಷದವನಿದ್ದಾಗ ಅಜ್ಜಿಯ ಎಲೆಅಡಿಕೆ ಚೀಲದಿಂದ ಸುಣ್ಣದ ಪ್ಯಾಕೆಟ್ ತೆಗೆದು ಹಿಸುಕಿದ್ದೆ. ಪಚಕ್ ಅಂತ ಬಲಗಣ್ಣಿಗೆ ಹಾರಿತು. ಅಜ್ಜಿ ತಕ್ಷಣ ಹಂಡೆಯ ನೀರನ್ನೇ ಹೊಯ್ದು ಹೊಯ್ದು ತೊಳೆದದ್ದಕ್ಕೆ ಕಣ್ಣು ಉಳಿಯಿತು. ಆದರೆ ರೆಪ್ಪೆಯ ಅಂಚಿನಲ್ಲಿ ಗಾಯ ಉಳಿಯಿತು, ಅಲ್ಲಿಂದ ಕೂದಲು ಅಡ್ಡಾದಿಡ್ಡಿ.

ಕಾಲೇಜಿನವರೆಗೆ ಕೀಳಿಸಿಕೊಂಡೆ. ಆಮೇಲೆ ಎಲೆಕ್ಟ್ರಾಲಿಸಿಸ್. ರೆಪ್ಪೆಗೆ ಮರವಿಕೆಯ ಇಂಜೆಕ್ಷನ್ ಕೊಡುತ್ತಾರೆ. ನಿಜ ಹೇಳಬೇಕೆಂದರೆ ನೋವು ಅದೊಂದೇ. ಕೂದಲಿಗಿಂತ ಸಣ್ಣ ಸೂಜಿಯನ್ನು ಬೇರಿನ ತನಕ ಇಳಿಸಿ ಕರೆಂಟ್ ಕೊಡುತ್ತಾರೆ. ಬೇರು ಸತ್ತಿದ್ದರೆ ಚಿಮಟದಲ್ಲಿ ಹಿಡಿದ ಕೂಡಲೇ ಕೂದಲು ಬೆಣ್ಣೆಯಿಂದ ಎಳೆದ ಹಾಗೆ ಜಾರಿ ಬರುತ್ತೆ. ಎಳೆಯಬೇಕಾಗಿ ಬಂದರೆ ಬೇರು ಸತ್ತಿಲ್ಲ ಅಂತ ಅರ್ಥ. ಐದು ಕೂದಲಿಗೆ ಮಾಡಿದರು, ಎರಡು ಮತ್ತೆ ಬಂದವು, ಇನ್ನೊಮ್ಮೆ ಹೋದೆ.

ಒಂದು ಕಡೆ ಏಳೆಂಟು ಕೂದಲು ಒಟ್ಟಿಗೆ ಇದ್ದವು. ಅಲ್ಲಿಗೆ ಕ್ರಯೋ, ಅಂದರೆ ಹೆಪ್ಪುಗಟ್ಟಿಸುವುದು. ಮೈನಸ್ 20 ಡಿಗ್ರಿಗೆ ಇಳಿಸಿ, ಕರಗಲು ಬಿಟ್ಟು, ಮತ್ತೆ ಇಳಿಸುತ್ತಾರೆ. ಮೂರು ದಿನ ರೆಪ್ಪೆ ಇಡ್ಲಿಯಂತೆ ಊದಿತ್ತು. ಕೂದಲು ಹೋಯಿತು, ಜೊತೆಗೆ ಅಲ್ಲಿನ ಚರ್ಮದ ಬಣ್ಣವೂ ಹೋಯಿತು. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಕೂದಲ ಬೇರಿಗಿಂತ ಮೊದಲೇ ಸಾಯುತ್ತವಂತೆ. ನಮ್ಮ ಕಪ್ಪು ಮೈಗೆ ಆ ಬಿಳಿ ಚುಕ್ಕೆ ಎದ್ದು ಕಾಣುತ್ತೆ. ಡಾಕ್ಟರ್ ಮೊದಲೇ ಹೇಳಿದ್ದರು, ನಾನು ಒಪ್ಪಿಯೇ ಮಾಡಿಸಿಕೊಂಡದ್ದು. ನನಗೆ ಕಣ್ಣು ಮುಖ್ಯ ಆಗಿತ್ತು. ಮದುವೆಗೆ ಹೆಣ್ಣು ನೋಡಲು ಹೋದಾಗ ಮಾತ್ರ ಎಲ್ಲರೂ ಅದನ್ನೇ ಕೇಳುತ್ತಿದ್ದರು.

ಲೇಸರ್ ನನಗೆ ಮಾಡಲಿಲ್ಲ. ಅದು ಬೇರೆ ಬೇರೆಯಾಗಿ ಎರಡು ಮೂರು ಕೂದಲು ಇದ್ದಾಗ ಅನುಕೂಲ ಅಂದರು. ಅದೂ ಒಂದೇ ಸಲಕ್ಕೆ ಮುಗಿಯುತ್ತೆ ಅನ್ನುವಂತಿಲ್ಲ.

---

ಒಂದನೇ ಕ್ಲಾಸ್ ಅಮ್ಮ ಬರೆದದ್ದು:

ನನ್ನ ಮಗಳಿಗೂ ಕೆಳರೆಪ್ಪೆ ಕೂದಲು ಕಣ್ಣಿಗೆ ತಾಗುತ್ತೆ, ಆರು ವರ್ಷ. ಇದನ್ನೆಲ್ಲ ಓದಿ ಭಯ ಆಗ್ತಿದೆ!

---

ಶಿಬಿರದ ಮೇಷ್ಟ್ರು ಬರೆದದ್ದು:

ಭಯ ಬೇಡ ತಾಯಿ. ಮಕ್ಕಳಲ್ಲಿ ಬಹಳ ಸಲ ರೆಪ್ಪೆಯ ಕೆಳಗೆ ಚರ್ಮದ ಒಂದು ಮಡಿಕೆ ಇದ್ದು, ಅದು ಕೂದಲನ್ನು ಮೇಲೆ ತಳ್ಳುತ್ತಿರುತ್ತೆ. ಮಕ್ಕಳ ಕೂದಲು ಮೃದು, ಅಷ್ಟಾಗಿ ಗೀರಲ್ಲ. ಮುಖ ಬೆಳೆದಂತೆ ಮಡಿಕೆ ತಾನೇ ಸರಿಹೋಗುವುದುಂಟು. ಆದರೂ ಒಮ್ಮೆ ತೋರಿಸಿ. ಕಣ್ಣು ಉಜ್ಜುತ್ತಿದ್ದರೆ, ಬೆಳಕಿಗೆ ಮುಖ ತಿರುಗಿಸುತ್ತಿದ್ದರೆ ಬೇಗ ತೋರಿಸಿ. ಮನೆಯಲ್ಲಿ ಕೀಳಬೇಡಿ, ಇದನ್ನು ಬ್ಯಾಡಗಿಯವರಿಗೂ ಸೇರಿಸಿ ಹೇಳುತ್ತಿದ್ದೇನೆ.

---

ಬ್ಯಾಡಗಿ ಮೊಬೈಲ್ ರಿಪೇರಿ ಬರೆದದ್ದು, ಮೂರು ವಾರದ ನಂತರ:

ಮೇಷ್ಟ್ರು ಹೇಳಿದ ಮರುದಿನವೇ ಹುಬ್ಬಳ್ಳಿಗೆ ಹೋದೆವು. ಬಸ್ಸಿನಲ್ಲಿ ಅವ್ವ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು, ಕಿಟಕಿಯ ಬೆಳಕು ತಡೆಯುತ್ತಿರಲಿಲ್ಲ.

ಡಾಕ್ಟರ್ ಒಂದು ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕು ಹಾಕಿದರು. ನನ್ನನ್ನೂ ಕರೆದು ತೋರಿಸಿದರು. ಕರಿಗುಡ್ಡೆಯ ಕೆಳಗೆ ನಾಲ್ಕೈದು ಹಸಿರು ಗೀರು, ಬೀದಿಯಲ್ಲಿ ಬಿದ್ದ ಮೊಬೈಲ್ ಸ್ಕ್ರೀನ್ ಹಾಗೆ. ದಿನಾ ಗೀರು ಬಿದ್ದ ಗ್ಲಾಸ್ ಬದಲಿಸುವವನು ನಾನು. ಇದನ್ನು ಅಷ್ಟು ಸುಲಭವಾಗಿ ಬದಲಿಸಲಾಗುವುದಿಲ್ಲ ಅನ್ನುವುದು ಅಲ್ಲೇ ಹೊಳೆದು ಕಾಲು ತಣ್ಣಗಾಯಿತು. ಒಂದು ಗೀರು ಸ್ವಲ್ಪ ಅಗಲವಾಗಿತ್ತು, ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಹುಣ್ಣಾಗುತ್ತಿತ್ತು ಅಂದರು. ಬಾಟಲಿಯಲ್ಲಿ ಡೆಕ್ಸಾಮೆಥಸೋನ್ ಇತ್ತು. ಕಣ್ಣಿನ ಒತ್ತಡ ಅಳೆದರು, ಪುಣ್ಯಕ್ಕೆ ಸರಿಯಾಗಿಯೇ ಇದೆ.

ಆಮೇಲೆ ಕೆಳರೆಪ್ಪೆಯನ್ನು ಎಳೆದು ಬಿಟ್ಟರು. ನಾನು ಮನಸ್ಸಿನಲ್ಲೇ ಎಣಿಸಿದೆ, ಒಂದು, ಎರಡು, ಮೂರು. ಅವ್ವ ಪಿಳುಕಿಸುವ ತನಕ ಅದು ಹಾಗೇ ಜೋತಿತ್ತು. ನನಗೆ ನಗು ಬಂತು, ಚಡ್ಡಿ ಎಲಾಸ್ಟಿಕ್ ನೆನಪಾಗಿ. ಡಾಕ್ಟರ್ ಯಾಕೆ ಅಂತ ಕೇಳಿದರು, ಹೇಳಲಿಲ್ಲ. ಗಟ್ಟಿಯಾಗಿ ಮುಚ್ಚಿ ಬಿಡಿಸಿದಾಗ ರೆಪ್ಪೆ ಒಳಗೆ ಸುರುಳಿಕೊಂಡಿತು. ನಾನು ನೋಡಿದ್ದು ಮೂರು ಕೂದಲು. ಸುರುಳಿಕೊಂಡಾಗ ಹತ್ತು ಹನ್ನೆರಡು ತಾಗುತ್ತಿದ್ದವು.

ತುಂಡಾದದ್ದನ್ನು ಅಲ್ಲೇ ತೆಗೆದರು. ಮುಲಾಮು ಕೊಟ್ಟರು. ರೆಪ್ಪೆಯಿಂದ ಕೆನ್ನೆಗೆ ಒಂದು ಟೇಪ್ ಎಳೆದು ಅಂಟಿಸಿದರು, ರೆಪ್ಪೆ ಹೊರಗೇ ಇರಲಿ ಅಂತ. ಅಷ್ಟಕ್ಕೇ ಅರ್ಧ ಆರಾಮ ಸಿಕ್ಕಿತು. ಗೀರು ಮಾಯುವ ತನಕ ಹತ್ತು ದಿನ ಹೀಗೇ ಟೇಪ್ ಹಾಕಿದೆವು. ಬಿಪಿ, ಸಕ್ಕರೆ ನೋಡಿ, ಆಸ್ಪಿರಿನ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ, ಮೊನ್ನೆ ಆಪರೇಷನ್ ಮಾಡಿದರು. ಪೂರ್ತಿ ಮರವಿಕೆ ಇಲ್ಲ, ಆ ಜಾಗಕ್ಕೆ ಮಾತ್ರ. ಹೊರಮೂಲೆಯಲ್ಲಿ ರೆಪ್ಪೆಯನ್ನು ಬಿಗಿದು ಮೂಳೆಯ ಹತ್ತಿರ ಹೊಲಿದಿದ್ದಾರೆ. ಮುಕ್ಕಾಲು ಗಂಟೆ ಆಯಿತು. ಅವ್ವ ಒಳಗೆ ಡಾಕ್ಟರ್ ಜೊತೆ ಮೆಣಸಿನಕಾಯಿ ರೇಟು ಮಾತಾಡುತ್ತಿದ್ದದ್ದು ಹೊರಗೆ ಕೇಳುತ್ತಿತ್ತು.

ಈಗ ಸುತ್ತ ನೀಲಿ ಇದೆ, ಊದಿದೆ. ನೀರು ಇಲ್ಲ. ನಿನ್ನೆ ಸೆರಗು ಮುಟ್ಟಿ ನೋಡಿದಳು, ಒಣಗಿತ್ತು.

ಚಿಮಟ ಅಂಗಡಿಯಲ್ಲಿ ತನ್ನ ಕೆಲಸಕ್ಕೆ ಮರಳಿದೆ. ಮೇಷ್ಟ್ರೇ, ಒಂದೇ ಪ್ರಶ್ನೆ ಉಳಿದಿದೆ. ಕೆಲಸಕ್ಕೆ ಯಾವಾಗ ಹೋಗಲಿ ಅಂತ ಈಗಲೇ ಶುರು ಮಾಡಿದ್ದಾಳೆ. ಏನು ಹೇಳಲಿ?

---

ಶಿಬಿರದ ಮೇಷ್ಟ್ರು ಬರೆದದ್ದು:

ಹೊಲಿಗೆ ಬಿಚ್ಚುವ ತನಕ ಮೆಣಸಿನ ಹತ್ತಿರ ಸುಳಿಯಬಾರದು, ಕಣ್ಣು ಉಜ್ಜಬಾರದು. ಮುಂದಿನದನ್ನು ಆಪರೇಷನ್ ಮಾಡಿದ ಡಾಕ್ಟರ್ ಹೇಳಲಿ. ಸೀಸನ್ ಜೋರಾಗುವುದು ಜನವರಿಗೆ ತಾನೇ? ಅಷ್ಟರಲ್ಲಿ ಒಂದು ದೊಡ್ಡ ಕನ್ನಡಕ ಕೊಡಿಸಿ, ಪಕ್ಕದಿಂದಲೂ ಪುಡಿ ಹೋಗದಂಥದ್ದು. ಬಲಗಣ್ಣಿನ ರೆಪ್ಪೆಯನ್ನೂ ಎಳೆದು ನೋಡಿದರಾ, ಕೇಳಿ ಹೇಳಿ.

---

ಬ್ಯಾಡಗಿ ಮೊಬೈಲ್ ರಿಪೇರಿ ಬರೆದದ್ದು:

ನೋಡಿದರು. ಅದು ಎರಡು ಎಣಿಸುವಷ್ಟರಲ್ಲಿ ಮರಳಿತು.